ಹಳೆ ಲ್ಯಾಪ್‌ಟಾಪ್ ಯಾರಿಗೆ ಕೊಡೋದು? ದಾವಣಗೆರೆಯವರಿಗೊಂದು ಹೋಲಿಕೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅದರ ನಂತರ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಚೆನ್ನಾಗೇ ಓಡುತ್ತಿದ್ದ ಲ್ಯಾಪ್‌ಟಾಪ್‌ಗಳು ಬೀರು ಸೇರಿವೆ. ಬೆಂಗಳೂರಲ್ಲಿರುವ ಮಗ ಹೊಸದು ತಗೊಂಡಿರುತ್ತಾನೆ, ಹಬ್ಬಕ್ಕೆ ಬಂದಾಗ ಹಳೆಯದನ್ನು ಇಲ್ಲೇ ಬಿಟ್ಟು ಹೋಗಿರುತ್ತಾನೆ. ಎಂ.ಸಿ.ಸಿ. ಬಡಾವಣೆ, ವಿದ್ಯಾನಗರದ ಕಡೆ ಯಾರ ಮನೆಯಲ್ಲಿ ಕೇಳಿದರೂ "ಒಂದಿದೆ, ಯಾರಿಗಾದ್ರೂ ಕೊಡಬೇಕು" ಅನ್ನುವವರು ಸಿಗುತ್ತಾರೆ. ಯಾರಿಗೆ ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಬೇಕಾದವರು ದೂರದಲ್ಲೇನೂ ಇಲ್ಲ. 2017-18ರಲ್ಲಿ ಕೇಂದ್ರ ಸರ್ಕಾರ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, ದೇಶದ ನಗರಗಳಲ್ಲಿ ಶೇ. 23.4ರಷ್ಟು ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ ಶೇ. 4.4 ಮಾತ್ರ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ ಅನ್ನಬಹುದು. ಫೋನ್ ಮನೆಯಲ್ಲಿದೆ, ನಿಜ. ಆದರೆ ಅದು ಯಾರದು? 14ರಿಂದ 18 ವರ್ಷದ ಹಳ್ಳಿ ಮಕ್ಕಳ ಬಗ್ಗೆ 2023ರ ಅಸರ್ (ಗ್ರಾಮೀಣ ಶಿಕ್ಷಣ ಸಮೀಕ್ಷೆ) ವರದಿ ಹೇಳುವುದು ಇಷ್ಟು: ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಶೇ. 43.7ರಷ್ಟು ಮಂದಿಗೆ ಸ್ವಂತ ಫೋನ್ ಇದೆ, ಹುಡುಗಿಯರಲ್ಲಿ ಶೇ. 19.8ರಷ್ಟು ಮಂದಿಗೆ. ಅಣ್ಣ ಹೊಲದಿಂದ ಬರುವವರೆಗೆ ತಂಗಿ ಕಾಯಬೇಕು. ಅದೂ ಅಲ್ಲದೆ, ಪಾಠ ನೋಡಲು ಫೋನ್ ಸಾಕಾದರೂ ಹತ್ತು ಪುಟದ ಪ್ರಾಜೆಕ್ಟ್ ವರದಿ ಬರೆಯಲು, ಎಕ್ಸೆಲ್ ಕಲಿಯಲು, ಕೋಡ್ ಬರೆಯಲು ಕೀಬೋರ್ಡ್ ಬೇಕೇ ಬೇಕು.

ದಾವಣಗೆರೆ ಜಿಲ್ಲೆಯಲ್ಲಿ ಕೊಡಲು ಮುಖ್ಯವಾಗಿ ನಾಲ್ಕು ಜಾಗ ಇವೆ: ಒಬ್ಬ ವಿದ್ಯಾರ್ಥಿ, ಸರ್ಕಾರಿ ಪ್ರೌಢಶಾಲೆ, ಹಳ್ಳಿಯ ಗ್ರಂಥಾಲಯ, ವಿದ್ಯಾರ್ಥಿ ನಿಲಯ. ಇವುಗಳಲ್ಲಿ ಆರಿಸಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ಲ್ಯಾಪ್‌ಟಾಪ್ ಅಲ್ಲಿ ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ? ಶಾಲು, ಹಾರ, ಫೋಟೋ ಎಲ್ಲ ಆ ಒಂದು ದಿನಕ್ಕೆ. ಮುಂದಿನ ಮೂರು ವರ್ಷ ಅದನ್ನು ಯಾರು ತೆರೆಯುತ್ತಾರೆ, ಯಾವ ಹೊತ್ತಿಗೆ ತೆರೆಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಪ್ರೌಢಶಾಲೆ: ಎಲ್ಲರ ಮೊದಲ ಆಯ್ಕೆ, ನನ್ನದಲ್ಲ

ಓದಿದ ಶಾಲೆಗೆ ಕೊಡಬೇಕು ಅನ್ನುವ ಆಸೆ ದೊಡ್ಡದು. ಅದನ್ನು ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಗಂಟೆ ಲೆಕ್ಕ ಹಾಕಿ ನೋಡಿ. ಶಾಲೆ ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯುವವರೆಗೆ ಬೇರೆ ಬೇರೆ ಪೀರಿಯಡ್‌ಗಳು ನಡೆಯುತ್ತಿರುತ್ತವೆ. ಒಂದು ತರಗತಿಗೆ ಕಂಪ್ಯೂಟರ್ ಪೀರಿಯಡ್ ವಾರಕ್ಕೆ ಒಂದೋ ಎರಡೋ ಬರಬಹುದು. ಸಂಜೆ ಗೇಟಿಗೆ ಬೀಗ. ದಸರೆಗೆ ರಜೆ, ಏಪ್ರಿಲ್-ಮೇನಲ್ಲಿ ಬೇಸಿಗೆ ರಜೆ. ಒಂದೇ ಲ್ಯಾಪ್‌ಟಾಪ್ ಕೊಟ್ಟರೆ ನಲವತ್ತು ಮಕ್ಕಳ ತರಗತಿಯಲ್ಲಿ ಅದು ಮೇಷ್ಟ್ರ ಟೇಬಲ್ಲಿನ ವಸ್ತುವಾಗುತ್ತದೆ, ಆಮೇಲೆ ಕಚೇರಿಯ ಕೆಲಸಕ್ಕೆ ಹೋಗುತ್ತದೆ. ಶಾಲೆಯವರನ್ನು ತಪ್ಪು ಅನ್ನುವಂತಿಲ್ಲ. ದಿನವೂ ಅಷ್ಟೊಂದು ಆನ್‌ಲೈನ್ ಮಾಹಿತಿ ತುಂಬಬೇಕಾದವರು ಅವರು, ಕಚೇರಿಗೂ ಯಂತ್ರ ಬೇಕು.

ಇನ್ನೊಂದು ವಿಷಯವೂ ಇದೆ. ಶಾಲೆಗೆ ಬಂದ ವಸ್ತು ದಾಸ್ತಾನು ಪುಸ್ತಕಕ್ಕೆ ಏರುತ್ತದೆ. ಏರಬೇಕಾದ್ದೇ. ಆದರೆ ಕೆಟ್ಟ ಮೇಲೆ ಅದನ್ನು ಸುಲಭವಾಗಿ ಬಿಸಾಡುವಂತಿಲ್ಲ, ರಿಪೇರಿಗೆ ಬೇರೆ ದುಡ್ಡೂ ಇರುವುದಿಲ್ಲ. ಕಳೆದುಹೋದರೆ ಯಾರ ತಲೆಗೆ ಬರುತ್ತದೋ ಎಂಬ ಹೆದರಿಕೆಗೆ ಮುಖ್ಯೋಪಾಧ್ಯಾಯರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅಂಥ ಒಂದು ಬೀರುವನ್ನು ನಾನು ನೋಡಿದ್ದೇನೆ. ಒಳಗೆ ಐದು ಲ್ಯಾಪ್‌ಟಾಪ್, ಒಂದರ ಮೇಲೊಂದು, ಎಲ್ಲದರ ಮೇಲೂ ದಾನಿಗಳ ಹೆಸರಿನ ಸ್ಟಿಕ್ಕರ್ ಹೊಸದಾಗೇ ಇತ್ತು. ಚಾರ್ಜರ್ ಎರಡೇ ಇದ್ದವು.

ಹಾಗಾದರೆ ಶಾಲೆಗೆ ಯಾವಾಗ ಕೊಡಬಹುದು? ಎರಡು ಷರತ್ತು. ಒಂದು, ಕನಿಷ್ಠ ಎಂಟು-ಹತ್ತು ಒಂದೇ ಥರದ ಯಂತ್ರ ಇರಬೇಕು. ಕಚೇರಿಯೊಂದು ಒಟ್ಟಿಗೆ ಬದಲಿಸಿದಾಗ ಇಷ್ಟು ಸಿಗುತ್ತವೆ. ಎರಡು, "ನಾನು ನೋಡ್ಕೋತೀನಿ" ಅನ್ನುವ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಇರಬೇಕು. ಆ ಒಬ್ಬರು ಇದ್ದರೆ ಪ್ರೌಢಶಾಲೆಯಷ್ಟು ಒಳ್ಳೆಯ ಜಾಗ ಇಲ್ಲ, ಇಲ್ಲದಿದ್ದರೆ ಅದಕ್ಕಿಂತ ವ್ಯರ್ಥ ಇನ್ನೊಂದಿಲ್ಲ. ಕೊಡುವಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ನಿರ್ಣಯ ಬರೆಸಿ, ಪ್ರತಿ ಪಡೆದುಕೊಳ್ಳಿ. ಊರಿನಿಂದ ದೂರ ಇರುವವರು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್ ನೋಡಬಹುದು. 2021ರಲ್ಲಿ ಹೊಸ ರೂಪ ಪಡೆದ ಈ ಪೋರ್ಟಲ್‌ನಲ್ಲಿ ಶಾಲೆಗಳು ತಮಗೆ ಬೇಕಾದ ವಸ್ತುಗಳನ್ನು ತಾವೇ ಹಾಕುತ್ತವೆ.

ಹಳ್ಳಿಯ ಗ್ರಂಥಾಲಯ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಇಲ್ಲಿಗೆ ಬರುವವರಲ್ಲಿ ಶಾಲೆ ಮಕ್ಕಳು, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು, ಪೇಪರ್ ಓದುವ ಹಿರಿಯರು ಎಲ್ಲ ಇರುತ್ತಾರೆ. ಕಾಲೇಜು ಬಿಟ್ಟು ಮನೆಯಲ್ಲಿರುವ ಹೆಣ್ಣುಮಕ್ಕಳೂ ಧೈರ್ಯವಾಗಿ ಬರಬಹುದಾದ ಜಾಗ ಇದು. ಆ ಕಾರಣಕ್ಕೆ ನನಗೆ ಈ ಆಯ್ಕೆ ಇಷ್ಟ.

ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕೆಲವು ಕೇಂದ್ರಗಳಲ್ಲಿ ಈಗಾಗಲೇ ಕಂಪ್ಯೂಟರ್ ಇವೆ, ಅಲ್ಲಿಗೆ ಇನ್ನೊಂದು ಬೇಡ. ಕೆಲವು ಕಡೆ ಕೂರಲು ಜಾಗವೇ ಇಲ್ಲ. ಮೊದಲು ಗ್ರಂಥಾಲಯ ಮೇಲ್ವಿಚಾರಕರನ್ನು ಹೋಗಿ ನೋಡಿ, ಆಮೇಲೆ ಪಿಡಿಒ. ಮೇಲ್ವಿಚಾರಕರ ಊರು ಅದೇ ಆಗಿದ್ದರೆ ಅರ್ಧ ಕೆಲಸ ಆದಂತೆ. ಸಂಜೆ ಹೊತ್ತು ಬಾಗಿಲು ತೆರೆದಿರುತ್ತದಾ ಅಂತ ಕೇಳಿ. ಕೇಳುವುದಕ್ಕಿಂತ ಒಂದು ಸಂಜೆ ಹೋಗಿ ನೋಡುವುದೇ ಒಳ್ಳೆಯದು.

ಹಾಸ್ಟೆಲ್: ಯಾರೂ ನೆನೆಯದ ಜಾಗ

ದಾವಣಗೆರೆ ಕಾಲೇಜುಗಳ ಊರು. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಮೊಳಕಾಲ್ಮೂರು ಕಡೆಯಿಂದ ಬಂದ ಮಕ್ಕಳು ಇಲ್ಲಿ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ಇರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು. ಮೂರು ಲ್ಯಾಪ್‌ಟಾಪ್ ನನ್ನ ಕೈಗೆ ಬಂದರೆ ನಾನು ಕಣ್ಣು ಮುಚ್ಚಿ ಹಾಸ್ಟೆಲ್‌ಗೆ ಕೊಡುತ್ತೇನೆ.

ಕಾರಣ ಮತ್ತೆ ಅದೇ ಗಂಟೆ ಲೆಕ್ಕ. ಹಾಸ್ಟೆಲ್‌ನಲ್ಲಿ ಸಂಜೆ ಆರಕ್ಕೆ ದಿನ ಶುರುವಾಗುತ್ತದೆ. ಕಾಲೇಜು ಲ್ಯಾಬು ಮುಚ್ಚಿರುತ್ತದೆ, ಗ್ರಂಥಾಲಯ ಮುಚ್ಚಿರುತ್ತದೆ, ಮಕ್ಕಳು ಮಾತ್ರ ಅಲ್ಲೇ ಇರುತ್ತಾರೆ. ರಾತ್ರಿ ಹತ್ತರವರೆಗೆ ನಾಲ್ಕು ಗಂಟೆ, ಭಾನುವಾರ ಇಡೀ ದಿನ.

ಅವರಿಗೆ ಅದರಿಂದ ಆಗುವ ಕೆಲಸ ನೋಡಿ. ದಾವಣಗೆರೆ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆ ಅರ್ಜಿ ಎಲ್ಲ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಫೋನಿನ ಸಣ್ಣ ಪರದೆಯಲ್ಲಿ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ತುಂಬಿ, ಮೇಲೆ ಹೋಗಿ ಕೆಳಗೆ ಬಂದು ಸರಿ ನೋಡುವಷ್ಟರಲ್ಲಿ ಪುಟ ಹಾರಿಹೋಗಿರುತ್ತದೆ. ಕಡೆಗೆ ಎಲ್ಲರೂ ಸೈಬರ್ ಸೆಂಟರ್‌ಗೆ ಹೋಗುತ್ತಾರೆ. ಕೊನೆ ದಿನ ಹತ್ತಿರ ಬಂದಾಗ ಅಲ್ಲಿ ಸಾಲು. ತಮ್ಮ ಪಾಸ್‌ವರ್ಡ್ ಕೂಡ ಸೈಬರಿನವರ ನೋಟ್‌ಬುಕ್ಕಿನಲ್ಲಿ. ಹಾಸ್ಟೆಲ್‌ನಲ್ಲಿ ಒಂದು ಲ್ಯಾಪ್‌ಟಾಪ್ ಇದ್ದರೆ, ಒಬ್ಬಳು ಸೀನಿಯರ್ ಒಂದು ಅರ್ಜಿ ತುಂಬಿ ತೋರಿಸಿದರೆ, ಉಳಿದವರು ತಮ್ಮದನ್ನು ತಾವೇ ತುಂಬುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ವಾರ್ಡನ್‌ಗೆ ವರ್ಗಾವಣೆ ಆಗುತ್ತದೆ. ಅಂತಿಮ ವರ್ಷದವರು ಹಿಡಿದುಕೊಂಡರೆ ಮೊದಲ ವರ್ಷದವರ ಕೈಗೆ ಸಿಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಓದುವ ಕೋಣೆಯಲ್ಲೇ, ಪ್ಲಗ್ ಪಾಯಿಂಟ್ ಪಕ್ಕದ ಟೇಬಲ್‌ಗೆ ಲಾಕ್ ಕೇಬಲ್ ಹಾಕಿ ಇರಲಿ. ರೂಮಿಗೆ ಒಯ್ಯುವಂತಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್, ಹೆಸರು, ಹೊತ್ತು, ಸಹಿ. ಒಬ್ಬರಿಗೆ ಒಂದು ಗಂಟೆ. ಎರಡು ಅಥವಾ ಮೂರು ಕೊಡುವುದು ಒಳ್ಳೆಯದು, ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಇಲಾಖೆಯ ತಾಲ್ಲೂಕು ಕಚೇರಿಗೆ ಪತ್ರ ಬರೆದು, ಅವರ ಒಪ್ಪಿಗೆ ತಗೊಂಡೇ ಕೊಡಿ. ವಾರ್ಡನ್ ಬದಲಾದಾಗ ಆ ಕಾಗದವೇ ಕೈ ಹಿಡಿಯುವುದು. ಹುಡುಗಿಯರ ಹಾಸ್ಟೆಲ್ ಮೊದಲು ನೋಡಿ ಅಂತ ನನ್ನ ಕೋರಿಕೆ. ಮೇಲೆ ಹೇಳಿದ ಆ ಶೇ. 19.8 ನೆನಪಿರಲಿ.

ಒಂದೇ ಇದ್ದರೆ ಒಬ್ಬರಿಗೆ

ನಿಮ್ಮ ಹತ್ತಿರ ಒಂದೇ ಲ್ಯಾಪ್‌ಟಾಪ್ ಇದೆ, ಅದು ಗಟ್ಟಿಯಾಗಿದೆ. ಆಗ ಸುತ್ತಿ ಬಳಸಿ ಯೋಚಿಸಬೇಡಿ, ಒಬ್ಬ ವಿದ್ಯಾರ್ಥಿಗೆ ಕೊಡಿ. ಡಿಪ್ಲೊಮಾ, ಬಿಸಿಎ, ಬಿ.ಕಾಂ., ಎಂಜಿನಿಯರಿಂಗ್ ಓದುವವರು ದಿನಕ್ಕೆ ಐದಾರು ಗಂಟೆ ಬಳಸುತ್ತಾರೆ. ಬೀಗ, ದಾಸ್ತಾನು ಯಾವುದೂ ಇಲ್ಲ. ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನು ಕೇಳಿದರೆ ಯಾರಿಗೆ ನಿಜವಾಗಿ ಬೇಕು ಅಂತ ಅವರೇ ಹೇಳುತ್ತಾರೆ.

ಇಲ್ಲಿ ಎರಡು ಸೂಕ್ಷ್ಮ ಇವೆ. ಮನೆಯಲ್ಲಿ ದುಡ್ಡಿಗೆ ಕಷ್ಟ ಬಂದಾಗ ಲ್ಯಾಪ್‌ಟಾಪ್ ಮಾರಿಹೋಗಬಹುದು. ಅದಕ್ಕೆ ಸಿಟ್ಟಾಗುವುದಾದರೆ ಈ ದಾರಿ ಬೇಡ. ಇನ್ನೊಂದು, ಕೊಡುವಾಗ ಆ ಹುಡುಗನ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಅವನ ತರಗತಿಯವರೂ ಅದನ್ನು ನೋಡುತ್ತಾರೆ. "ಓದು ಮುಗಿದ ಮೇಲೆ ನಿನ್ನ ಜೂನಿಯರ್‌ಗೆ ಕೊಡಪ್ಪ" ಅಂತ ಒಂದು ಮಾತು ಹೇಳಿ ಸಾಕು.

ಸಂಘ-ಸಂಸ್ಥೆಗಳ ಮೂಲಕ ಕೊಡುವ ದಾರಿಯೂ ಇದೆ. ಊರಿನ ರೋಟರಿ, ಲಯನ್ಸ್ ಥರದ ಸಂಘಗಳು ಸಂಗ್ರಹಿಸಿ ಕೊಡುತ್ತವೆಯಾ ವಿಚಾರಿಸಿ. ನಿಮಗೆ ಓಡಾಡಲು ಸಮಯ ಇಲ್ಲದಿದ್ದರೆ ಇದು ಅನುಕೂಲ. ರಿಪೇರಿ ಮಾಡಿಸಿ ಕೊಡುತ್ತಾರಾ, ಆಮೇಲೆ ಕೆಟ್ಟರೆ ಯಾರು ನೋಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ವಸ್ತು ರೂಪದ ದಾನಕ್ಕೆ ಅದು ಸಿಗುವುದಿಲ್ಲ.

ಯಾವ ಯಂತ್ರಕ್ಕೆ ಯಾವ ವ್ಯವಸ್ಥೆ

ಹಳೆ ಲ್ಯಾಪ್‌ಟಾಪ್ ನಿಧಾನ ಅಂದರೆ ಹತ್ತರಲ್ಲಿ ಎಂಟು ಸಲ ಕಾರಣ ಒಳಗಿನ ಹಾರ್ಡ್‌ಡಿಸ್ಕ್. ಆನ್ ಮಾಡಿದರೆ ಐದು ನಿಮಿಷ ಸುತ್ತುತ್ತಲೇ ಇರುತ್ತದೆ, ಕೀಬೋರ್ಡಿನ ಅಂಚಿನ ಸಣ್ಣ ದೀಪ ಆರುವುದೇ ಇಲ್ಲ. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಆ ಎರಡೂವರೆ ಇಂಚಿನ ಡಿಸ್ಕ್ ತೆಗೆದು, ಅದೇ ಅಳತೆಯ ಎಸ್‌ಎಸ್‌ಡಿ (ಒಳಗೆ ಏನೂ ತಿರುಗದ, ವೇಗದ ಡಿಸ್ಕ್) ಕೂರಿಸಿದರೆ ಅದೇ ಯಂತ್ರ ಅರ್ಧ ನಿಮಿಷದಲ್ಲಿ ಏಳುತ್ತದೆ. ಮುಚ್ಚಳ ಬಿಚ್ಚಿದಾಗ ಫ್ಯಾನ್ ನೋಡಿ. ನಮ್ಮೂರ ದೂಳು ಅಲ್ಲಿ ಹಿಂಜಿದ ಹತ್ತಿಯ ಹಾಗೆ ಪದರ ಕಟ್ಟಿರುತ್ತದೆ. ಬ್ರಷ್‌ನಲ್ಲಿ ತೆಗೆಸಿ. ರ‍್ಯಾಮ್ ನಾಲ್ಕು ಜಿಬಿ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಎಂಟಕ್ಕೆ ಏರಿಸಿ. ಈ ಖರ್ಚು ದಾನಿಯದೇ ಆಗಬೇಕು. ಪಡೆಯುವವರ ತಲೆಗೆ ಕಟ್ಟುವುದು ಸರಿಯಲ್ಲ.

ಆಮೇಲೆ ಯಾವ ಆಪರೇಟಿಂಗ್ ಸಿಸ್ಟಮ್ ಅನ್ನುವ ಪ್ರಶ್ನೆ. ವಿಂಡೋಸ್ 11 ಹಾಕಲು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇದ್ದರೆ ಅದನ್ನೇ ಹಾಕಿ, ಆ ಯಂತ್ರವನ್ನು ಬಿ.ಕಾಂ. ಅಥವಾ ಡಿಪ್ಲೊಮಾ ವಿದ್ಯಾರ್ಥಿಗೆ ಕೊಡಿ. ಟ್ಯಾಲಿ, ಆಟೋಕ್ಯಾಡ್ ಕಲಿಯುವವರಿಗೆ ವಿಂಡೋಸ್ ಇಲ್ಲದೆ ಆಗುವುದಿಲ್ಲ. ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಒಳ್ಳೆಯದು ಅಂತ ಅವರ ಮೇಲೆ ಹೇರಬಾರದು.

ಅದಕ್ಕಿಂತ ಹಳೆಯ ಯಂತ್ರಗಳಿಗೆ ಎರಡು ದಾರಿ. ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಹಗುರ, ಸರಳ, ನಾಲ್ಕು ಜಿಬಿ ರ‍್ಯಾಮ್ ಸಾಕು. ಆದರೆ ಅದು ಗೂಗಲ್ ಖಾತೆ ಮತ್ತು ಇಂಟರ್ನೆಟ್ ನಂಬಿಕೊಂಡದ್ದು, ಆಂಡ್ರಾಯ್ಡ್ ಆ್ಯಪ್‌ಗಳೂ ಅದರಲ್ಲಿ ಓಡುವುದಿಲ್ಲ. ವೈ-ಫೈ ಇರುವ ನಗರದ ಹಾಸ್ಟೆಲ್‌ಗೆ ಸರಿ. ಸಿಗ್ನಲ್‌ಗೆ ಮಾಳಿಗೆ ಹತ್ತಬೇಕಾದ ಹಳ್ಳಿಗೆ ನಾನು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸುತ್ತೇನೆ. ನಾಲ್ಕು ಜಿಬಿಯಲ್ಲಿ ಆರಾಮಾಗಿ ಓಡುತ್ತದೆ, ಲಿಬ್ರೆಆಫೀಸ್ ಜೊತೆಗೇ ಬರುತ್ತದೆ, ವೈರಸ್ ಕಾಟ ಕಡಿಮೆ. ಕನ್ನಡ ಟೈಪಿಂಗ್ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿ ಕೆಜಿಪಿ ಕೀಲಿಮಣೆ ಆರಿಸಿದರೆ ನುಡಿಯಲ್ಲಿ ಟೈಪ್ ಮಾಡುವಂತೆಯೇ ಮಾಡಬಹುದು. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸಕ್ಕೆ ಕೈ ಹೊಂದಿಕೊಂಡವರು ಹೊಸದಾಗಿ ಏನೂ ಕಲಿಯಬೇಕಿಲ್ಲ. ಕೊಡುವ ಮುಂಚೆಯೇ ಇದನ್ನು ಹಾಕಿಕೊಡಿ, ಅಲ್ಲಿ ಹೋದ ಮೇಲೆ ಯಾರೂ ಹಾಕುವುದಿಲ್ಲ.

ಇಂಟರ್ನೆಟ್ ಇಲ್ಲದ ಜಾಗಕ್ಕೆ ಇನ್ನೊಂದು ಕೆಲಸ ಮಾಡಬಹುದು, ಇದರ ಬಗ್ಗೆ ಬಹಳ ಮಂದಿಗೆ ಗೊತ್ತಿಲ್ಲ. ಕೊಲಿಬ್ರಿ ಅನ್ನುವ ಉಚಿತ ತಂತ್ರಾಂಶ ಹಾಕಿ, ಖಾನ್ ಅಕಾಡೆಮಿಯ ಪಾಠಗಳನ್ನು ಮೊದಲೇ ಇಳಿಸಿಕೊಟ್ಟರೆ ನೆಟ್ ಇಲ್ಲದೆ ನೋಡಬಹುದು. ಕಿವಿಕ್ಸ್ ಅನ್ನುವ ಇನ್ನೊಂದು ತಂತ್ರಾಂಶ ಹಾಕಿ ಕನ್ನಡ ಕಡತ ಇಳಿಸಿಕೊಂಡರೆ ಕನ್ನಡ ವಿಕಿಪೀಡಿಯ ಪೂರ್ತಿ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಒಂದು ಸಾಧಾರಣ ವೈ-ಫೈ ರೂಟರ್ ಜೊತೆಗಿಟ್ಟರೆ ಆ ಒಂದು ಲ್ಯಾಪ್‌ಟಾಪ್‌ನಿಂದ ಸುತ್ತಲಿನ ಫೋನುಗಳಿಗೂ ಪಾಠ ಹರಿಯುತ್ತದೆ. ಡೇಟಾ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಬ್ಯಾಟರಿ ಸತ್ತ, ಪರದೆಯ ಮೂಲೆ ಒಡೆದ ಲ್ಯಾಪ್‌ಟಾಪ್‌ಗೂ ಈ ಕೆಲಸ ಕೊಡಬಹುದು, ಅರಿವು ಕೇಂದ್ರದ ಮೂಲೆಯಲ್ಲಿ ಪ್ಲಗ್‌ಗೆ ಹಾಕಿ ಬಿಟ್ಟರಾಯಿತು.

ಬ್ಯಾಟರಿ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಬೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದ ಊರಿಗೆ ಒಂದು ಗಂಟೆಯಾದರೂ ನಿಲ್ಲುವ ಬ್ಯಾಟರಿ ಬೇಕು. ತುಂಬುತ್ತಿದ್ದ ಅರ್ಜಿ ಅರ್ಧಕ್ಕೆ ಆರಿಹೋದರೆ ಮಕ್ಕಳು ಆ ಯಂತ್ರದ ಹತ್ತಿರ ಮತ್ತೆ ಹೋಗುವುದಿಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಯಾರಿಗೂ ಕೊಡಬೇಡಿ, ಚುಚ್ಚಬೇಡಿ, ಸರ್ವಿಸ್ ಅಂಗಡಿಯಲ್ಲಿ ಮೊದಲು ತೆಗೆಸಿ.

ಕೊಡುವ ಮುಂಚೆ ಅಳಿಸುವುದು

ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿ ಎಲ್ಲ ಅದರಲ್ಲೇ ಇರುತ್ತವೆ. ಡಿಲೀಟ್ ಮಾಡಿದರೆ, ಸುಮ್ನೆ ಒಂದು ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅವು ಹೋಗುವುದಿಲ್ಲ, ವಾಪಸ್ ತೆಗೆಯಬಹುದು. ವಿಂಡೋಸ್‌ನ ರಿಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆ ಡ್ರೈವ್ ಸ್ವಚ್ಛಗೊಳಿಸುವ ಆಯ್ಕೆಯೂ ಇದೆ, ಅದನ್ನು ಒತ್ತಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಹಳೆ ಹಾರ್ಡ್‌ಡಿಸ್ಕ್ ಬದಲಿಸಿ ಎಸ್‌ಎಸ್‌ಡಿ ಹಾಕಿಸಿದ್ದರೆ ಇನ್ನೂ ಸುಲಭ: ಹಳೆಯದನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತನ್ನಿ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದ ಲಿಖಿತ ಒಪ್ಪಿಗೆ ಬೇಕು. ಅದರ ಜೊತೆಗೆ ಆ ಯಂತ್ರವನ್ನು ಕಂಪನಿಯ ಪಟ್ಟಿಯಿಂದ ತೆಗೆಸಬೇಕು. ತೆಗೆಸದಿದ್ದರೆ ಏನೇ ಅಳಿಸಿ ವಿಂಡೋಸ್ ಹಾಕಿದರೂ ಇಂಟರ್ನೆಟ್ ಸಿಕ್ಕ ಕೂಡಲೇ ಮತ್ತೆ ಕಂಪನಿಯ ಲಾಗಿನ್ ಪುಟ ಬಂದು ನಿಲ್ಲುತ್ತದೆ. ವಿಂಡೋಸ್ ಶುರುವಾಗುವ ಮುಂಚೆಯೇ ಕೇಳುವ ಬಯಾಸ್ ಪಾಸ್‌ವರ್ಡ್ ಇದ್ದರೆ ಅದನ್ನೂ ತೆಗೆಸಿ. ಹೊನ್ನಾಳಿಯ ಹಳ್ಳಿಯೊಂದರಲ್ಲಿ ಕೂತು ಇದನ್ನು ಬಿಡಿಸಲು ಯಾರಿಗೂ ಆಗುವುದಿಲ್ಲ.

ಎಷ್ಟು ಮಾಡಿದರೂ ಏಳದ ಯಂತ್ರವನ್ನು ದಾನದ ಹೆಸರಲ್ಲಿ ದಾಟಿಸಬೇಡಿ. ಅದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು, ಗುಜರಿಗಲ್ಲ. ಆದರೆ ಅದರ ರ‍್ಯಾಮ್, ಚಾರ್ಜರ್, ಕೆಲವೊಮ್ಮೆ ಪರದೆ ಕೂಡ ಇನ್ನೊಂದು ಯಂತ್ರಕ್ಕೆ ಬರುತ್ತದೆ. ಬಿಚ್ಚಿ ತೆಗೆದಿಟ್ಟು ಉಳಿದದ್ದನ್ನು ಕಳಿಸಿ.

ಕೊಡುವ ದಿನ ಬ್ಯಾಗಿನಲ್ಲಿ ಏನೇನು ಇರಬೇಕು ಅಂತ ಹೇಳಿಬಿಡುತ್ತೇನೆ. ಆ ಮಾಡೆಲ್ಲಿಗೆ ಸರಿಹೊಂದುವ ಚಾರ್ಜರ್, ಇದನ್ನೇ ಎಲ್ಲರೂ ಮರೆಯುವುದು. ಒಂದು ಮೌಸ್, ಕಲಿಯುವವರಿಗೆ ಟಚ್‌ಪ್ಯಾಡ್ ಕಷ್ಟ. ದಪ್ಪ ಪಿನ್ನಿನ ಚಾರ್ಜರ್ ಆದರೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್. ಮುಚ್ಚಳದ ಒಳಗೆ ಅಂಟಿಸಿದ ಒಂದು ಚೀಟಿ: ಆನ್ ಮಾಡುವ ಪಾಸ್‌ವರ್ಡ್, ಕನ್ನಡಕ್ಕೆ ಬದಲಿಸುವ ಕೀಲಿ, ಕೆಟ್ಟರೆ ಕರೆ ಮಾಡಬೇಕಾದ ಸರ್ವಿಸ್ ಅಂಗಡಿಯ ನಂಬರ್. ಆ ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ, ಮೊದಲ ವರ್ಷದ ಸಣ್ಣಪುಟ್ಟ ರಿಪೇರಿ ಬಿಲ್ ನಿಮಗೇ ಕಳಿಸಲಿ. ಒಂದು ತಿಂಗಳಾದ ಮೇಲೆ ನೀವೇ ಫೋನ್ ಮಾಡಿ "ಚಾರ್ಜ್ ಆಗ್ತಿದೆಯಾ?" ಅಂತ ಕೇಳಿ. ಚೆನ್ನಾಗಿದೆಯಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಚಾರ್ಜ್ ಬಗ್ಗೆ ಕೇಳಿದರೆ ನಿಜ ವಿಷಯ ಹೊರಬರುತ್ತದೆ.